ಒಂದೇ ಥಾನಿನ ಬಟ್ಟೆ

ಮೊಬೈಲು ಬಂದು ಹಳ್ಳಿಯ ಹೆಂಗಸರ ಉಡುಗೆ ಕೆಟ್ಟಿತು, ಈಗ ಎಲ್ಲರೂ ಒಂದೇ ಥರ ಕಾಣುತ್ತಾರೆ ಎಂದು ಮೈಸೂರಿನ ವಿಚಾರ ಸಂಕಿರಣವೊಂದರಲ್ಲಿ ಹಿರಿಯರೊಬ್ಬರು ಮರುಗಿದರು. ಸಭೆ ತಲೆದೂಗಿತು. ನಾಗಮಂಗಲ ತಾಲ್ಲೂಕಿನ ದೇವಲಾಪುರದವಳಾದ ನನಗೆ ಸಿಟ್ಟು ಬಂತು.

ನಾವು ಬೇರೆ ಬೇರೆ ಕಂಡಿದ್ದು ಯಾವಾಗ ಸ್ವಾಮಿ? ಗೌರಿ ಹಬ್ಬಕ್ಕೆ ಅಪ್ಪ ನಾಗಮಂಗಲದಿಂದ ಒಂದೇ ಥಾನಿನ ಬಟ್ಟೆ ಹರಿಸಿಕೊಂಡು ಬರುತ್ತಿದ್ದರು. ಅದರಲ್ಲೇ ನನಗೆ ಲಂಗ, ತಂಗಿಗೆ ಫ್ರಾಕು, ಮಿಕ್ಕ ತುಂಡಿನಲ್ಲಿ ತಮ್ಮನಿಗೆ ಅಂಗಿ. ಅಮ್ಮನ ಸೀರೆಯ ಬಣ್ಣವೂ ಅಪ್ಪನದೇ ಆಯ್ಕೆ. ಒಳಉಡುಪು ಕೊಳ್ಳಲು ಹೋದರೆ ಅಂಗಡಿಯ ಗಂಡಸರ ಮುಂದೆ ಅಳತೆ ಹೇಳಲಾಗದೆ ಕೊಟ್ಟಿದ್ದನ್ನು ತರುತ್ತಿದ್ದೆವು. ಅದನ್ನು ಸ್ವಂತ ಅಭಿರುಚಿಯ ಕಾಲ ಎನ್ನುವವರು ಯಾರೋ ಗಂಡಸರೇ ಇರಬೇಕು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗವಾಯಿತು. ಕೆಲವು ವರ್ಷಗಳಲ್ಲಿ ಅಮ್ಮನ ಕೈಗೂ ಸ್ಮಾರ್ಟ್‌ಫೋನು ಬಂತು. ಐವತ್ತು ದಾಟಿದ ಮೇಲೆ, ಮೊದಲ ಸಲ, ತನ್ನ ಸೀರೆಯನ್ನು ತಾನೇ ಆರಿಸಿ ತರಿಸಿಕೊಂಡಳು. "ಅಂಗಡಿಯವ್ನು ಮುಖ ನೋಡಿ ಸೀರೆ ತೆಗೀತನೆ ಕಣವ್ವ, ಇದು ಮುಖ ನೋಡಕಿಲ್ಲ" ಎಂದಳು.

ನನ್ನ ಜಗಳ ಅಮ್ಮನ ಮೇಲಲ್ಲ, ಆ್ಯಪಿನ ಮೇಲೆ. ಅದು ಮುಖ ನೋಡುವುದಿಲ್ಲ, ನಿಜ, ಬೆರಳು ನೋಡುತ್ತದೆ. ಎಲ್ಲಿ ನಿಂತಿತು, ಯಾವ ಬೆಲೆ ಕಂಡು ಮುಂದೆ ಸರಿಯಿತು, ಎಲ್ಲ ಲೆಕ್ಕ. 'ನಿಮಗಾಗಿ' ಎಂದು ಅದು ತೋರಿಸುವ ಸೀರೆ ಅಮ್ಮನಿಗಾಗಿ ಹುಡುಕಿದ್ದೇನಲ್ಲ. ಅವಳು ಒತ್ತಿದ್ದನ್ನೇ ಒತ್ತಿದ ಸಾವಿರಾರು ಜನ ಇನ್ನೇನು ಕೊಂಡರೋ ಅದು. ಥಾನು ಮೊದಲು ಮನೆಯದಾಗಿತ್ತು, ಈಗ ದೇಶದ್ದು, ಅಷ್ಟೆ.

ಸೀರಿಯಲ್ಲಿನಲ್ಲಿ ನೋಡಿ ಆಸೆಪಟ್ಟು ಅಮ್ಮ ಇಳಕಲ್ ಸೀರೆ ಹುಡುಕಿದಳು. ನಾನೂರು ರೂಪಾಯಿಗೆ ಬಂದದ್ದು ಪಾಲಿಯೆಸ್ಟರು. ಸೆರಗಿನ ತೋಪು ತೆನಿ ಬರೀ ಅಚ್ಚು. ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ನೇಯುತ್ತಾರೆ. ಆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆ ಹೆಸರು ಹೊತ್ತ ನಕಲಿಯ ಕೆಳಗೆ ನೇಕಾರನ ಸೀರೆ ಎಷ್ಟು ದೂರ ಜಾರಿಸಿದರೂ ಕಾಣಲಿಲ್ಲ. ಸಂಕಿರಣದ ಹಿರಿಯರಿಗೆ ಮರುಗಲೇಬೇಕಿದ್ದರೆ ಇದಕ್ಕೆ ಮರುಗಲಿ.

ಅಮ್ಮ ಅದನ್ನು ವಾಪಸು ಕಳಿಸಲಿಲ್ಲ. ಜಾತ್ರೆಗೆ ಉಟ್ಟಳು, ಚೆನ್ನಾಗಿಯೇ ಕಂಡಳು. ರಾತ್ರಿ ಮಡಚುತ್ತಾ, "ಕೊಂಡಿ ಹಾಕಿರೋದು ಎಷ್ಟಾಯ್ತದೆ?" ಎಂದು ಕೇಳಿದಳು. ಹೇಳಿದೆ. ಬೆರಳು ಎಣಿಸಿ, "ಎರಡು ಹಾಲಿನ ಬಟವಾಡೆ" ಎಂದು ಮತ್ತೆ ಫೋನು ತೆಗೆದಳು.