ಕಾಯುವುದು ಎಂಬ ಮಾತು



ನಿವೃತ್ತನಾದ ಮೇಲೆ ನಾನು ನಮ್ಮ ಚರ್ಚಿನಲ್ಲಿ ಭಾನುವಾರದ ಧರ್ಮೋಪದೇಶದ ತರಗತಿಯನ್ನು ನಡೆಸುತ್ತಿರುವ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ಸೀಮೆಸುಣ್ಣದ ಚಟ ಮೇಷ್ಟ್ರನ್ನು ಬಿಡಲಿಲ್ಲವೆಂದು ನೀವು ನಗುವುದನ್ನೂ ಬಲ್ಲೆ. ಆ ತರಗತಿಯಲ್ಲಿ ಕಳೆದ ವರ್ಷ ನಡೆದ ಒಂದು ಸಣ್ಣ ಪ್ರಸಂಗ ನನ್ನನ್ನು ಇಂದಿಗೂ ಕಾಡುತ್ತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪ್ರತಿವರ್ಷ ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಚರ್ಚುಗಳಲ್ಲಿ ಸೃಷ್ಟಿಯ ಕಾಲವೆಂದು ಆಚರಿಸುವ ರೂಢಿ ಬಂದಿದೆ. ನಾನೂ ವಾಡಿಕೆಯಂತೆ ಹಕ್ಕಿಗಳ ನಡುವೆ ನಿಂತ ಫ್ರಾನ್ಸಿಸರ ಚಿತ್ರಪಟವನ್ನು ಗೋಡೆಗೆ ತೂಗುಹಾಕಿ, ದೇವರು ತನ್ನ ಸೃಷ್ಟಿಯನ್ನೆಲ್ಲ ನೋಡಿ ಒಳ್ಳೆಯದೆಂದು ಕಂಡ ಪ್ರಸಂಗವನ್ನು ವಿವರಿಸುತ್ತಿದ್ದೆ. ಎನ್. ಬೇಗೂರಿನ ಕಡೆಯಿಂದ ಬರುವ, ಆರನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು, "ಆನೆಯನ್ನೂ ಒಳ್ಳೇದು ಅಂದ್ರಾ ಸಾರ್? ಹೋದ ವಾರ ನಮ್ಮ ಜೋಳನೆಲ್ಲಾ ತಿಂದುಬಿಡ್ತು" ಎಂದು ಕೇಳಿದ. ಮಕ್ಕಳು ನಕ್ಕರು. ಅವನು ನಗಲಿಲ್ಲ. ಹೌದು, ಆನೆಯೂ ದೇವರದೇ ಎಂದು ಹೇಳಿ ನಾನು ಪಾಠವನ್ನು ಮುಂದುವರಿಸಿದೆ. ಅದು ಉತ್ತರವಾಗಿರಲಿಲ್ಲವೆಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ದೂರದ ಊರುಗಳಲ್ಲಿರುವ ಬಂಧುಗಳಿಗಾಗಿ ಆ ಸ್ಥಳದ ಬಗ್ಗೆ ಒಂದು ಮಾತು. ಎನ್. ಬೇಗೂರು ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸೀಮೆ, ಬಂಡೀಪುರದ ಕಾಡಿನ ಅಂಚು. ಕಬಿನಿಯ ಹಿನ್ನೀರು ಬಂಡೀಪುರವನ್ನೂ ನಾಗರಹೊಳೆಯನ್ನೂ ಬೇರ್ಪಡಿಸುವುದು ಇದೇ ಭಾಗದಲ್ಲಿ. 1974ರಲ್ಲಿ ಅಣೆಕಟ್ಟು ಮುಗಿದಾಗ ಕಾಡೂ ಮುಳುಗಿತು, ಊರುಗಳೂ ಮುಳುಗಿದವು. ಜೇನುಕುರುಬರು ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಆನೆಗಳಿಗೂ ಇದ್ದ ದಾರಿ ಕಿರಿದಾಯಿತು. ಹೀಗೆ ನೆಲೆ ಕಳೆದುಕೊಂಡವರೂ ನೆಲೆ ಕಳೆದುಕೊಂಡ ಪ್ರಾಣಿಗಳೂ ಒಂದೇ ಕಂದಕದ ಆಚೀಚೆ ಬದುಕುತ್ತಿರುವ ನೆಲವದು.

ಆ ಹುಡುಗನ ಪ್ರಶ್ನೆ ನನ್ನನ್ನು ಮೂವತ್ತು ವರ್ಷಕ್ಕೂ ಹಿಂದಕ್ಕೆ ಕರೆದೊಯ್ದಿತು. ಆಗ ನಾನು ಒಂಬತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದೆ. ಕರಿಹಲಗೆಯ ಮೇಲೆ ಆಹಾರ ಸರಪಳಿಯನ್ನು ಬರೆದು ಹಿಂದಿರುಗಿ ನೋಡಿದರೆ ಕಡೆಯ ಸಾಲಿನಲ್ಲಿ ಒಬ್ಬ ಗಾಢವಾಗಿ ನಿದ್ರಿಸುತ್ತಿದ್ದಾನೆ. ಬೆಂಚಿನ ಮೇಲೆ ನಿಲ್ಲಿಸಿ, ಎಮ್ಮೆ ಕಾಯಲು ಹೋಗು ಎಂದು ಬೈದೆ. ಗಂಟೆ ಹೊಡೆದ ಮೇಲೆ ಅವನ ಗೆಳೆಯ ಮೆಲ್ಲಗೆ ಬಂದು, ಅವನು ಮೂರು ರಾತ್ರಿಗಳಿಂದ ತಂದೆಯೊಡನೆ ಅಟ್ಟಣೆಯ ಮೇಲೆ ಕುಳಿತು ರಾಗಿ ಹೊಲ ಕಾಯುತ್ತಿದ್ದಾನೆಂದು ತಿಳಿಸಿದ. ಮರುದಿನ ಆ ಹುಡುಗನನ್ನು ಕರೆದು ಮಾತನಾಡಿಸಬೇಕೆಂದುಕೊಂಡೆ. ಮಾತನಾಡಿಸಲಿಲ್ಲ. ಆ ಕಾಲದ ಮೇಷ್ಟರುಗಳು ವಿದ್ಯಾರ್ಥಿಗಳ ಬಳಿ ತಪ್ಪೊಪ್ಪಿಕೊಳ್ಳುತ್ತಿರಲಿಲ್ಲ. ಅವನು ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ಸರಿ, ತಪ್ಪು ನನ್ನದೆಂದು ತಿಳಿಯಲಿ. ಪ್ರಕೃತಿಯ ಪಾಠವನ್ನು ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ, ಅವನು ಅದನ್ನು ರಾತ್ರಿಯೆಲ್ಲ ಎದ್ದು ಕುಳಿತು ಕಲಿತು ಬಂದಿದ್ದ.

ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡ ಹೇಳುತ್ತದೆ. ಕಾಯುವುದು ಎಂಬ ಈ ಮಾತನ್ನು ನಾವು ಪೀಠದಲ್ಲಿ ನಿಂತು ಹೇಳುವಾಗ ಅದಕ್ಕೆ ಮರ, ಹಕ್ಕಿ, ನದಿಗಳನ್ನು ರಕ್ಷಿಸುವುದೆಂಬ ಅರ್ಥ. ಕಾಡಂಚಿನ ಮಗುವಿಗೆ ಅದೇ ಮಾತಿನ ಅರ್ಥ ಚಳಿಯಲ್ಲಿ ತಮಟೆ ಹಿಡಿದು, ಬೆಂಕಿ ಹಾಕಿಕೊಂಡು ಬೆಳಗಿನವರೆಗೆ ಎಚ್ಚರವಾಗಿರುವುದು. ಈ ಎರಡು ಅರ್ಥಗಳನ್ನು ಕೂಡಿಸದ ಹೊರತು ನಮ್ಮ ತರಗತಿಗಳಲ್ಲಿ ನಾವು ಕಲಿಸುತ್ತಿರುವುದು ಸೃಷ್ಟಿಯ ಪಾಲನೆಯಲ್ಲ, ನಷ್ಟವಿಲ್ಲದವರ ಹವ್ಯಾಸವೊಂದನ್ನು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಂಡಿ ತೋಡಿ, ಸಸಿ ನೆಟ್ಟು, ಸ್ವಾಮಿಗಳೊಡನೆ ಭಾವಚಿತ್ರ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ. ಬೇಸಿಗೆಯಲ್ಲಿ ಆ ಸಸಿಗೆ ನೀರೆರೆದವರಾರೆಂದು ಕೇಳಿದರೆ ಬಹಳ ಕಡೆ ಉತ್ತರವಿಲ್ಲ. (ನಾನು ನೆಡಿಸಿದ ಹೊಂಗೆಗಳ ಲೆಕ್ಕವನ್ನು ದಯವಿಟ್ಟು ಯಾರೂ ಕೇಳಬೇಡಿ.)

2025ರ ಏಪ್ರಿಲಿನಲ್ಲಿ ಕಾಲವಾದ ಪೋಪ್ ಫ್ರಾನ್ಸಿಸರು ಹತ್ತು ವರ್ಷ ಮೊದಲು, 2015ರಲ್ಲಿ, ಹೊರಡಿಸಿದ 'ಲೌದಾತೊ ಸೀ' ಎಂಬ ಪತ್ರದಲ್ಲಿ ಭೂಮಿಯ ಸಂಕಟ, ಬಡವರ ಸಂಕಟ ಎಂದು ಎರಡು ಬೇರೆ ಸಂಕಟಗಳಿಲ್ಲವೆಂದು ವಾದಿಸಿದ್ದರು. ಅವರ ಮಾತನ್ನು ನಾವು ಅರ್ಧ ಕೇಳಿಸಿಕೊಂಡಿದ್ದೇವೆ. 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸರಗೂರು ತಾಲ್ಲೂಕಿನಲ್ಲಿ ರೈತರು ಹುಲಿಗೆ ಬಲಿಯಾದರು. ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ನನಗೆ ಆಗ ನಗರದಿಂದ ಬಂದ ದೂರವಾಣಿ ಕರೆಗಳಲ್ಲಿ ಹೆಚ್ಚಿನವು ಸಫಾರಿಯನ್ನು ಕುರಿತವು!

ಹಾಗಾದರೆ ಕಲಿಸಬೇಕಾದದ್ದೇನು? ಅದಕ್ಕೆ ಹೊಸ ಪಠ್ಯ ಬೇಕಿಲ್ಲ. ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಕಟ್ಟಳೆ ಯಾಜಕಕಾಂಡದಲ್ಲಿದೆ. ರೂತಳು ಹಕ್ಕಲಾಯ್ದು ಅತ್ತೆಯನ್ನು ಸಾಕಿದ ಕಥೆಯಿದೆ. ಹಕ್ಕಲು ಎಂದರೇನೆಂದು ನಮ್ಮ ಸೀಮೆಯ ಅಜ್ಜಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಣದಲ್ಲಿ ರಾಶಿಯಾದಾಗ ಮನೆಗೆ ಸಾಗಿಸುವ ಮೊದಲೇ ಕೂಲಿಯವರಿಗೆ, ಬೇಡಿ ಬಂದವರಿಗೆ ಮೊರದಲ್ಲಿ ತುಂಬಿ ಕೊಡುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ವಿಗ್ರಹ ದೊರೆತದ್ದು ಉಳುತ್ತಿದ್ದ ರೈತನ ನೇಗಿಲಿಗೆ ಎಂದು ಐತಿಹ್ಯ. 2019ರಲ್ಲಿ ಬಸಿಲಿಕವೆಂದು ಘೋಷಿತವಾದ ಆ ಪುಣ್ಯಕ್ಷೇತ್ರಕ್ಕೆ ಎಲ್ಲ ಮತದವರೂ ನಡೆದು ಬರುತ್ತಾರೆ. ಉಳುವ ನೆಲ, ನೆರೆಯವನ ಹಸಿವು, ದೇವರು ಇವು ಮೂರೂ ನಮ್ಮಲ್ಲಿ ಬೇರೆಬೇರೆಯಾಗಿದ್ದುದೇ ಇಲ್ಲ.

ಕಳೆದ ಸುಗ್ಗಿಯಲ್ಲಿ ಒಂದು ಪ್ರಯತ್ನ ಮಾಡಿದೆವು. ಆನೆ ನುಗ್ಗಿದ್ದು ಯಾರ ಯಾರ ಹೊಲಕ್ಕೆಂದು ಮಕ್ಕಳೇ ವಿಚಾರಿಸಿ ಬರೆದು ತಂದರು. ಬೆಳೆ ಉಳಿದ ಮನೆಗಳಿಂದ ಸೇರು, ಎರಡು ಸೇರು ರಾಗಿ ಕೂಡಿಸಿದರು. ಪಟ್ಟಿಯಲ್ಲಿದ್ದ ಹೆಚ್ಚಿನ ಮನೆಗಳು ಕ್ರೈಸ್ತರವಲ್ಲ. ಒಂದು ಹಾಡಿಯ ಕುಟುಂಬವೂ ಇತ್ತು. "ಮೊದಲು ನಮ್ಮವರಿಗೆ ಆಗಲಿ ಮೇಷ್ಟ್ರೇ" ಎಂದು ಹಿರಿಯರೊಬ್ಬರು ಸೂಚಿಸಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯೊಬ್ಬಳು, "ಸಮಾರ್ಯದವನು ಹಾಗೆ ಕೇಳಲಿಲ್ಲವಲ್ಲ ತಾತ" ಎಂದಳು. ಆ ರಾಗಿಯಿಂದ ಯಾರ ನಷ್ಟವೂ ತುಂಬಲಿಲ್ಲ. ಪರಿಹಾರ, ಕಂದಕ, ರೈಲು ಕಂಬಿಯ ಬೇಲಿ ಇವೆಲ್ಲ ಸರ್ಕಾರದ ಹೊಣೆ, ಅದನ್ನು ಕೇಳುವುದನ್ನು ನಾವು ಬಿಡಬಾರದು. ಆದರೆ ಜೋಳ ಕಳೆದುಕೊಂಡ ನಮ್ಮ ಹುಡುಗ, ಆನೆಯನ್ನು ಶಪಿಸದೆ, ಅದರ ದಾರಿ ಎಲ್ಲಿತ್ತೆಂದು ಅಂದು ತಾನಾಗಿಯೇ ಕೇಳಿದ. ತನ್ನ ನಷ್ಟವನ್ನು ಇನ್ನೊಬ್ಬರು ಎಣಿಸಿದ ಮೇಲೆ ಅವನಿಗೆ ಆನೆಯ ನಷ್ಟವನ್ನು ಎಣಿಸುವ ವ್ಯವಧಾನ ಬಂದಿತೆಂದು ನಾನು ಭಾವಿಸುತ್ತೇನೆ.

ಇಷ್ಟು ಬರೆದು ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ಅದೇ ಹುಡುಗಿ ಮೊನ್ನೆ ಇನ್ನೊಂದು ಪ್ರಶ್ನೆ ತಂದಿದ್ದಳು. ಆನೆಯ ಕಾಟಕ್ಕೆ ಅವಳ ತಂದೆ ರಾಗಿ ಬಿಟ್ಟು ಹೊಗೆಸೊಪ್ಪು ಹಾಕಿದ್ದಾರೆ. ಅದನ್ನು ಹದಮಾಡುವ ಬ್ಯಾರನ್ನಿಗೆ ಲೋಡುಗಟ್ಟಲೆ ಸೌದೆ ಬೇಕು. "ಆ ಮರಗಳೂ ದೇವರದೇ ತಾನೇ ಸಾರ್?" ಎಂದಳು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಸೀಮೆಯಲ್ಲಿ ಹೊಗೆಸೊಪ್ಪಿನ ಹಣ ಮುಟ್ಟದ ಮನೆ ವಿರಳ. ನನ್ನ ತಮ್ಮನ ಮನೆಯಲ್ಲೂ ಬ್ಯಾರನ್ ಇದೆ, ನಮ್ಮ ಚರ್ಚಿನ ಆವರಣದ ಗೋಡೆಗೆ ಬಂದ ಕಾಣಿಕೆಯಲ್ಲೂ ಆ ಹಣವಿದೆ. ಹೊತ್ತಾಯಿತೆಂದು ಹೇಳಿ ಅಂದು ತಪ್ಪಿಸಿಕೊಂಡೆ. ಬರುವ ಭಾನುವಾರ ಮತ್ತೆ ಕೇಳುತ್ತೇನೆಂದು ಹೇಳಿ ಹೋಗಿದ್ದಾಳೆ.