ಪ್ರಿಂಟರ್ ಕೊಳ್ಳುವಾಗ ಕೇಳದ ಪ್ರಶ್ನೆ

ತಾರ್ನಾಕದಿಂದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ನಡೆದರೆ ಜೆರಾಕ್ಸ್ ಅಂಗಡಿಗಳು ಸಿಗುತ್ತವೆ. ಹಾಲ್ ಟಿಕೆಟ್, ಅಂಕಪಟ್ಟಿ, ಆಧಾರ್ ಪ್ರತಿ, ಬಾಡಿಗೆ ಕರಾರು, ಪಿಎಚ್‌ಡಿ ಪ್ರಬಂಧ ಎಲ್ಲವೂ ಇಂಥ ಅಂಗಡಿಗಳ ಪ್ರಿಂಟರಿನಿಂದಲೇ ಹೊರಬರುತ್ತವೆ. ಒಂದು ಟೋನರಿಗೆ ಎಷ್ಟು ಪುಟ ಬರುತ್ತದೆ ಎಂಬ ಲೆಕ್ಕ ಅಂಗಡಿಯವರಿಗೆ ಬಾಯಿಪಾಠ. ಆದರೆ ಆ ಆಧಾರ್ ಪ್ರತಿ ಕಂಪ್ಯೂಟರಿನಿಂದ ಪ್ರಿಂಟರಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಅಂಗಡಿಯಲ್ಲೂ ಕೇಳುವವರಿಲ್ಲ, ಕಚೇರಿಯಲ್ಲೂ ಕೇಳುವವರಿಲ್ಲ.

ದಾರಿಗಳು ಮುಖ್ಯವಾಗಿ ಮೂರು. ಬರ್ಕ್ಲಿಯ ಯುನಿಕ್ಸ್‌ನಿಂದ ಬಂದ ಎಲ್‌ಪಿಡಿ ಹಳೆಯದು. 1990ರಲ್ಲಿ ಅದನ್ನು ಆರ್‌ಎಫ್‌ಸಿ 1179 ಎಂದು ದಾಖಲಿಸಿದರು. ಎರಡನೆಯದು ಎಚ್‌ಪಿಯ ಜೆಟ್‌ಡೈರೆಕ್ಟ್ ಕಾರ್ಡುಗಳಿಂದ ರೂಢಿಗೆ ಬಂದ 9100ನೇ ಪೋರ್ಟು. ಇಲ್ಲಿ ನಿಯಮವೇ ಇಲ್ಲವೆನ್ನಬಹುದು: ಸಂಪರ್ಕ ತೆರೆದು ಬೈಟುಗಳನ್ನು ಸುರಿದರಾಯಿತು, ಪ್ರಿಂಟರು ಅಚ್ಚು ಹಾಕುತ್ತದೆ. ಕಳಿಸಿದವರು ಯಾರೆಂದು ಅದು ಕೇಳುವುದಿಲ್ಲ, ಕಳಿಸಿದ್ದಕ್ಕೆ ಬೀಗವೂ ಇರುವುದಿಲ್ಲ. ಅಂಗಡಿಯ ವೈಫೈ ಪಾಸ್‌ವರ್ಡನ್ನು ಗಿರಾಕಿಗಳಿಗೂ ಕೊಟ್ಟಿದ್ದರೆ, ಅದೇ ಜಾಲದಲ್ಲಿ ಕುಳಿತ ಬಲ್ಲವನೊಬ್ಬ ಇನ್ನೊಬ್ಬರ ದಾಖಲೆಯನ್ನು ಓದಿಕೊಳ್ಳಬಹುದು. 2018ರ ಕೊನೆಯಲ್ಲಿ ಒಬ್ಬ ಅನಾಮಿಕ, ಅಂತರಜಾಲಕ್ಕೆ ತೆರೆದಿದ್ದ ಸುಮಾರು 50,000 ಪ್ರಿಂಟರುಗಳಲ್ಲಿ ಒಬ್ಬ ಯೂಟ್ಯೂಬರನ ಪ್ರಚಾರದ ಹಾಳೆ ಅಚ್ಚಾಗುವಂತೆ ಮಾಡಿದ್ದಾಗಿ ಹೇಳಿಕೊಂಡ. ಅವನು ಆರಿಸಿಕೊಂಡದ್ದು ಇದೇ 9100ನ್ನು.

ಮೂರನೆಯದು ಐಪಿಪಿ. 1999ರಲ್ಲಿ ಮೊದಲ ರೂಪ ಪಡೆದ ಇದರಲ್ಲಿ ಕಂಪ್ಯೂಟರು ಮೊದಲು ವಿಚಾರಿಸುತ್ತದೆ: ಎ3 ಹಾಳೆ ಇದೆಯೇ, ಎರಡೂ ಬದಿಗೆ ಅಚ್ಚು ಹಾಕಬಲ್ಲೆಯಾ, ಯಾವ ಬಗೆಯ ಕಡತ ಅರ್ಥವಾಗುತ್ತದೆ? ಹಾಳೆ ಮುಗಿದರೆ ಪ್ರಿಂಟರು ತಿಳಿಸುತ್ತದೆ. ಐಪಿಪಿಎಸ್ ಎಂಬ ರೂಪದಲ್ಲಿ, ಬ್ಯಾಂಕಿನ ಜಾಲತಾಣಕ್ಕಿರುವಂಥ ಗೂಢಲಿಪಿಯ ರಕ್ಷಣೆಯೂ ಸಿಗುತ್ತದೆ.

ಇದರಲ್ಲಿ ಹಣದ ಮಾತೂ ಇದೆ. ಹೊಸ ವಿಂಡೋಸ್‌ಗೆ ಡ್ರೈವರ್ ಸಿಗದ ಕಾರಣಕ್ಕೇ ಗಟ್ಟಿಮುಟ್ಟಾದ ಯಂತ್ರ ಗುಜರಿಗೆ ಹೋಗುವುದುಂಟು. 2013ರ ‘ಐಪಿಪಿ ಎವೆರಿವೇರ್’ ಮಾನದಂಡ ಒಪ್ಪುವ ಪ್ರಿಂಟರಿಗೆ ಕಂಪನಿಯ ಡ್ರೈವರೇ ಬೇಕಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಕೂಡ, ಬೇರೆ ಕಂಪನಿಗಳ ಹಳೆಯ ಮಾದರಿಯ ಡ್ರೈವರುಗಳಿಗೆ ಕೊಡುವ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು. ಇನ್ನೂ ಡ್ರೈವರನ್ನೇ ನಂಬಿ ಟೆಂಡರ್ ಕರೆಯುವ ಕಚೇರಿ, ಮುಂದಿನ ಗುಜರಿಯನ್ನು ಈಗಲೇ ಕೊಳ್ಳುತ್ತಿದೆ.

“9100 ಇಷ್ಟು ವರ್ಷ ಕೆಟ್ಟಿಲ್ಲ, ಸುಮ್ಮನೆ ಯಾಕೆ ಮುಟ್ಟಬೇಕು” ಎನ್ನುವವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಆಧಾರ್ ಅಂಗಡಿಯ ಕಂಪ್ಯೂಟರಿನಲ್ಲೇ ತಿಂಗಳುಗಟ್ಟಲೆ ಬಿದ್ದಿದ್ದರೆ, ದಾರಿಗೆ ಮಾತ್ರ ಬೀಗ ಹಾಕಿ ಏನು ಫಲ? ಐಪಿಪಿಯನ್ನೂ ಅಂತರಜಾಲಕ್ಕೆ ತೆರೆದಿಟ್ಟರೆ ಅಪಾಯ ತಪ್ಪಿದ್ದಲ್ಲ. ಆದರೆ ಹಿತ್ತಲ ಬಾಗಿಲು ಮುರಿದಿದೆ ಎಂದು ಮುಂಬಾಗಿಲನ್ನೂ ತೆರೆದಿಟ್ಟು ಮಲಗುವವರಿಲ್ಲ.

ಬೇಕಾದದ್ದು ಅರ್ಧ ಗಂಟೆಯ ಕೆಲಸ. ಪ್ರಿಂಟರಿನ ಸೆಟ್ಟಿಂಗ್ಸ್ ಪುಟ ತೆರೆದು ಐಪಿಪಿಎಸ್ ಇದ್ದರೆ ಅದಕ್ಕೆ ಬದಲಿಸಿ, 9100 ಮತ್ತು ಎಲ್‌ಪಿಡಿ ಮುಚ್ಚುವುದು. ಗಿರಾಕಿಗಳ ವೈಫೈಯನ್ನು ಬೇರೆ ಮಾಡುವುದು. ಅಚ್ಚಾದ ಕಡತವನ್ನು ಅಂದೇ ಅಳಿಸುವುದು. ಕಚೇರಿಗಳಾದರೆ ಟೆಂಡರಿನಲ್ಲಿ ಒಂದು ಸಾಲು ಸೇರಿಸಬೇಕು: ಡ್ರೈವರ್ ಇಲ್ಲದೆ, ಗೂಢಲಿಪಿಯ ಐಪಿಪಿಯಲ್ಲಿ ಕೆಲಸ ಮಾಡಬೇಕು. ಪುಟಕ್ಕೆ ಎರಡು ರೂಪಾಯಿ ಕೊಡುವ ವಿದ್ಯಾರ್ಥಿ ತನ್ನ ಆಧಾರ್ ಸಂಖ್ಯೆಯನ್ನೂ ಕೊಟ್ಟು ಹೋಗಬೇಕಾಗಿಲ್ಲ.