ಡೈಪರ್ ಮೇಜು ಹೆಂಗಸರ ಶೌಚಾಲಯದೊಳಗೇ ಏಕೆ?



ನಮ್ಮ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣ ಹೊಸ ರೂಪ ಪಡೆದಾಗ ನಿಮ್ಮ ಪತ್ರಿಕೆಯೂ ಸೇರಿ ಎಲ್ಲರೂ ಹೊಗಳಿದರು. ಹೊಗಳಲಿ, ಬೇಡವೆನ್ನುವುದಿಲ್ಲ. ಗ್ರಾನೈಟ್ ನೆಲ, ಸಾಲಾಗಿ ಉಕ್ಕಿನ ಕುರ್ಚಿಗಳು, ಬಸ್ ವೇಳೆ ತೋರಿಸುವ ಫಲಕ ಎಲ್ಲವೂ ಚೆನ್ನಾಗಿವೆ. ಎಳೆ ಮಗುವನ್ನು ಎತ್ತಿಕೊಂಡು ಬಂದವರ ನೆನಪು ಮಾತ್ರ ಯಾರಿಗೂ ಆದಂತಿಲ್ಲ.

ಮೊನ್ನೆ ಅಲ್ಲಿ ಒಬ್ಬ ಯುವಕ ಕುರ್ಚಿಯ ಮೇಲೆ ಟವಲ್ ಹಾಸಿ ಮಗುವಿನ ಡೈಪರ್ ಬದಲಿಸಲು ಒದ್ದಾಡುತ್ತಿದ್ದ. ಎರಡು ಕುರ್ಚಿಗಳ ನಡುವೆ ಕಬ್ಬಿಣದ ಕೈಯಾಸರೆ ಇರುವುದರಿಂದ ಮಗುವನ್ನು ಉದ್ದಕ್ಕೆ ಮಲಗಿಸುವಂತಿಲ್ಲ, ಅಡ್ಡಕ್ಕೆ ಮಲಗಿಸಿದರೆ ಕಾಲು ಹೊರಗೆ ಜೋತಾಡುತ್ತದೆ. ಎಡಗೈ ಮಗುವಿನ ಎದೆಯ ಮೇಲೆ, ಬಲಗೈಯಲ್ಲಿ ಒದ್ದೆ ಬಟ್ಟೆ, ಹೊಸ ಡೈಪರ್ ಹಲ್ಲಿನಲ್ಲಿ. ‘ತಾಯಿ ಎಲ್ಲಪ್ಪಾ?’ ಎಂದು ಪಕ್ಕದವರೊಬ್ಬರು ವಿಚಾರಿಸಿದರು. ಆತ ಬಾಯಿ ಬಿಟ್ಟು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಡೈಪರ್ ಬದಲಿಸುವ ಹಲಗೆ ‘ಲೇಡೀಸ್ ಕಡೆ’ ಇದೆ ಎಂದು ಸ್ವಚ್ಛತಾ ಸಿಬ್ಬಂದಿ ಹೇಳಿದ್ದರಿಂದ ನಾನೇ ಒಳಗೆ ಹೋಗಿ ನೋಡಿದೆ. ಇತ್ತು. ಗೋಡೆಗೆ ಜೋಡಿಸಿದ ಮಡಚುವ ಪ್ಲಾಸ್ಟಿಕ್ ಹಲಗೆ, ನನ್ನ ಎದೆಯ ಎತ್ತರಕ್ಕೆ. ಮಗುವನ್ನು ಹಿಡಿದಿಡುವ ಪಟ್ಟಿಗೆ ಬಕಲ್ ಇಲ್ಲ. ಮೇಲೆ ಫಿನಾಯಿಲ್ ಕ್ಯಾನು, ನೆಲ ಒರೆಸುವ ಬಟ್ಟೆ. ಕೈಚೀಲ ಇಡಲು ಜಾಗವಿಲ್ಲ, ಹತ್ತಿರದಲ್ಲಿ ಕಸದ ಬುಟ್ಟಿಯೂ ಇಲ್ಲ. ಶೌಚದ ಬಾಗಿಲು ತೆರೆದಾಗಲೆಲ್ಲ ಅದಕ್ಕೇ ಬಡಿಯುತ್ತದೆ. ತಾಯಂದಿರೂ ಅದನ್ನು ಬಳಸುತ್ತಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು.

ಮನೆಗಾದರೆ ಇಂಥ ಪೀಠೋಪಕರಣವೇ ಬೇಡ ಎನ್ನುವವಳು ನಾನು. ಮಗು ಹುಟ್ಟುವ ಮೊದಲೇ ಸಾವಿರಾರು ರೂಪಾಯಿ ಕೊಟ್ಟು ಡ್ರಾಯರ್ ಇರುವ ಡೈಪರ್ ಮೇಜು ತರುವ ಹೊಸ ತಂದೆತಾಯಿಯರಿಗೆ ನನ್ನದೊಂದೇ ಸಲಹೆ: ನೆಲದ ಮೇಲೆ ಚಾಪೆ, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೊಂದು ಹಳೇ ಪಂಚೆ ಸಾಕು. ನೆಲದಿಂದ ಯಾರೂ ಕೆಳಗೆ ಬೀಳುವುದಿಲ್ಲ. ನಾಲ್ಕು ತಿಂಗಳ ಹೊತ್ತಿಗೆ ಕೂಸು ಮಗುಚಲು ಶುರುಮಾಡುತ್ತದೆ, ಆಮೇಲೆ ಎತ್ತರದ ಮೇಜು ಅಂದರೆ ಕಣ್ಣು ಕೀಳದೆ ಕಾಯುವುದೇ. ಬಾಣಂತಿಗೆ ಬೆನ್ನುನೋವು, ಬಗ್ಗಲಾಗದು ಎಂದಾದರೆ ಕೊಳ್ಳಿ. ಆದರೆ ನಾಲ್ಕೂ ಕಡೆ 2 ಇಂಚಿನ ಅಂಚು ಇರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಪಟ್ಟಿ ಬಿಗಿದಿದ್ದರೂ ಮಗುವನ್ನು ಬಿಟ್ಟು ಕದಲಬೇಡಿ ಎಂದೂ ಹೇಳುತ್ತದೆ.

ಬಸ್ ನಿಲ್ದಾಣದಲ್ಲಿ ಈ ನೆಲದ ಉಪಾಯ ನಡೆಯದು. ಅಲ್ಲಿ ಬೇಕಾಗಿರುವುದೇ ಮೇಜು, ಅಲ್ಲಿಯೇ ಬಳಸಬಹುದಾದಂಥದ್ದು ಇಲ್ಲ.

ಈ ಬೇಡಿಕೆ ಹೊಸತೂ ಅಲ್ಲ. ರೈಲುಗಳಲ್ಲಿ ಮಕ್ಕಳ ಬಟ್ಟೆ ಬದಲಿಸುವ ಹಲಗೆ ಅಳವಡಿಸುವ ಮಾತು 2016ರ ರೈಲ್ವೆ ಬಜೆಟ್ಟಿನಲ್ಲೇ ಬಂದಿತ್ತು. ಕೆಎಸ್‌ಆರ್‌ಟಿಸಿ 2020ರಲ್ಲಿ ಹಳೆಯ ಬಸ್ಸೊಂದನ್ನು ‘ಸ್ತ್ರೀ ಶೌಚಾಲಯ’ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿದಾಗ ಹಾಲುಣಿಸುವ ಜಾಗ, ಡೈಪರ್ ಬದಲಿಸುವ ಜಾಗ ಎರಡನ್ನೂ ಒಳಗೇ ಇಟ್ಟಿತ್ತು. ಒಳ್ಳೆಯ ಯೋಚನೆಯೇ, ಆದರೆ ಅಪ್ಪಂದಿರಿಗೆ ಅಲ್ಲಿಗೂ ಪ್ರವೇಶವಿರಲಿಲ್ಲ. 2022ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಗಂಡಸರ ಶೌಚಾಲಯದಲ್ಲಿದ್ದ ಡೈಪರ್ ಮೇಜಿನ ಚಿತ್ರ ಜಾಲತಾಣದಲ್ಲಿ ಹರಿದಾಡಿ ದೇಶವೆಲ್ಲ ಬೆರಗಾಯಿತು. ವಿಮಾನ ಹತ್ತುವ ಅಪ್ಪನಿಗೆ ಸಿಕ್ಕಿದ್ದು ಕೆಂಪು ಬಸ್ಸು ಹತ್ತುವ ಅಪ್ಪನಿಗೆ ಬೇಡವೇ? ಅಮೆರಿಕದಲ್ಲಿ 2016ರ ಕಾನೂನಿನ ಪ್ರಕಾರ ಸಾರ್ವಜನಿಕರು ಬರುವ ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಗಂಡಸರ ಶೌಚಾಲಯದಲ್ಲೂ ಈ ಸೌಲಭ್ಯ ಕಡ್ಡಾಯ.

ನಮ್ಮಲ್ಲೂ ಈಗ ‘ನಿಯಮವಿಲ್ಲ’ ಎಂಬ ನೆಪ ಉಳಿದಿಲ್ಲ. 2025ರ ಫೆಬ್ರುವರಿಯಲ್ಲಿ ‘ಮಾತೃ ಸ್ಪರ್ಶ’ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠವು ಹೊಸದಾಗಿ ಕಟ್ಟುವ ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸಲು, ಮಕ್ಕಳ ಆರೈಕೆಗೆ ಜಾಗ ಮೀಸಲಿಡಬೇಕು, ಹಳೆಯವುಗಳಲ್ಲೂ ಸಾಧ್ಯವಾದಷ್ಟು ಮಟ್ಟಿಗೆ ಒದಗಿಸಬೇಕು ಎಂದಿದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ತವರಿಗೆ, ಆಸ್ಪತ್ರೆಗೆ ಹೊರಡುವ ಹೆಂಗಸರಂತೂ ಬಸ್ಸಿನಲ್ಲಿ ಎಲ್ಲೆಲ್ಲೂ ಕಾಣುತ್ತಾರೆ. ಟಿಕೆಟ್ ಉಚಿತ ಮಾಡಿದ ಸರ್ಕಾರಕ್ಕೆ ಒಂದು ಮೇಜು ಭಾರವಾಗದು.

ದುಬಾರಿ ವಿದೇಶಿ ಹಲಗೆಯೇ ಬೇಕೆಂದಿಲ್ಲ. ಗೋಡೆಗೆ ಭದ್ರವಾಗಿ ಕೂಡಿಸಿದ ಕಡಪ ಕಲ್ಲಿನ ಕಟ್ಟೆ ಸೊಂಟದೆತ್ತರಕ್ಕಿದ್ದರೆ ಸಾಕು. ಸುತ್ತ ಎತ್ತರಿಸಿದ, ಚೂಪಿಲ್ಲದ ಅಂಚು, ಮೇಲೆ ತೊಳೆಯಬಹುದಾದ ಮೆತ್ತನೆಯ ಹಾಸು. ಚೀಲಕ್ಕೊಂದು ಕೊಕ್ಕೆ, ಪಕ್ಕದಲ್ಲೇ ನಲ್ಲಿ. ಮುಚ್ಚಳವಿರುವ ಬುಟ್ಟಿಯನ್ನು ಮರೆಯುವಂತಿಲ್ಲ. ಬಳಸಿದ ಡೈಪರನ್ನು ಸುತ್ತಿ ಒಣ ಕಸದ ಜಾಗದಲ್ಲಿ ಹಾಕಬೇಕು, ಸುತ್ತಲು ತಯಾರಕರೇ ಚೀಲ ಒದಗಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಬುಟ್ಟಿಯೇ ಇಲ್ಲದಿದ್ದರೆ ಅದು ಹೋಗುವುದು ಶೌಚದ ಗುಂಡಿಗೆ, ಕೊನೆಗೆ ಕೈಹಾಕಿ ತೆಗೆಯಬೇಕಾದವರು ಪೌರಕಾರ್ಮಿಕರು.

ಎಲ್ಲಕ್ಕಿಂತ ಮುಖ್ಯವಾಗಿ, ಈ ಕಟ್ಟೆ ಶೌಚಾಲಯದ ಹೊರಗೆ, ಅಪ್ಪ, ಅಮ್ಮ, ಅಜ್ಜಿ ಯಾರು ಬೇಕಾದರೂ ಹೋಗಬಹುದಾದ ಪುಟ್ಟ ಕೋಣೆಯಲ್ಲಿರಲಿ. ಹಾಲುಣಿಸುವ ಜಾಗ ಬೇರೆಯೇ ಇರಲಿ, ಎರಡನ್ನೂ ಒಂದೇ ಪರದೆಯ ಹಿಂದೆ ತುರುಕುವುದು ಬೇಡ. ಇನ್ನು ಮುಂದೆ ಕರೆಯುವ ಪ್ರತಿ ಬಸ್ ನಿಲ್ದಾಣದ ಟೆಂಡರಿನಲ್ಲೂ ಈ ಕೋಣೆಯನ್ನು ನಕ್ಷೆಯಲ್ಲೇ ಸೇರಿಸುವಂತೆ ಸಾರಿಗೆ ಇಲಾಖೆ ಆದೇಶ ಹೊರಡಿಸಲಿ. ನಮ್ಮೂರ ನಿಲ್ದಾಣದಲ್ಲಿ ಇನ್ನೂ ಬಾಡಿಗೆಗೆ ಹೋಗದ ಮಳಿಗೆಗಳಿವೆ, ಅವುಗಳಲ್ಲೊಂದನ್ನು ಈಗಲೇ ಇದಕ್ಕೆ ಬಿಟ್ಟುಕೊಡಬಹುದು.

– ಒಬ್ಬ ಓದುಗರು